ಕೆಂಪಯ್ಯನವರ ಸಿಳ್ಳೆ

ಮೂಡಲಪಾಳ್ಯದ ಕೆಂಪಯ್ಯನವರಿಗೆ ಮೇಲಿನ ಸಾಲಿನಲ್ಲಿ ಒಂದು ಹಲ್ಲಿರಲಿಲ್ಲ. ಆ ಸಂದಿಗೆ ನಾಲಿಗೆ ಕೊಟ್ಟು ಅವರು ಸಿಳ್ಳೆ ಹೊಡೆದರೆ ಒಂದು ಕಾಲಕ್ಕೆ ಹೊಲದಾಚೆಯ ಎಮ್ಮೆಗಳು ತಲೆಯೆತ್ತುತ್ತಿದ್ದವು. ಈಗ ಹೊಲವಿದ್ದ ಕಡೆ ಮೂರಂತಸ್ತಿನ ಮನೆ ಎದ್ದಿದೆ. ಸಿಳ್ಳೆಗೆ ಆಟೋಗಳು ನಿಲ್ಲುತ್ತವೆ. ಹೆಂಡತಿ ಮುನಿಲಕ್ಷ್ಮಮ್ಮನವರಿಗೆ ಮಾತ್ರ ಅದನ್ನು ಕೇಳಿದರೆ ತಲೆ ತಗ್ಗಿಸುವಂತಾಗುತ್ತಿತ್ತು. "ಮೊಮ್ಮಕ್ಕಳು ಕಂಡಿರೋ ಮನುಷ್ಯ, ಬೀದೀಲಿ ನಿಂತು ಸಿಳ್ಳೆ!"

ಮೇಲ್ಮನೆಯಲ್ಲಿ ಗಿರಿರಾಜ್ ಎಂಬ ಹುಡುಗ ಬಾಡಿಗೆಗಿದ್ದ. ಅವನದೊಂದು ರಾಕ್ ಬ್ಯಾಂಡ್, ಹೆಸರು 'ಬೋರ್‌ವೆಲ್'. ಅವರ ಅಭ್ಯಾಸ ಶುರುವಾದರೆ ಕೆಳಗೆ ಅಡುಗೆಮನೆಯ ತಟ್ಟೆಗಳು ನಡುಗುತ್ತಿದ್ದವು. ಕೆಂಪಯ್ಯನವರು ಮೆಟ್ಟಿಲ ಬುಡದಿಂದ ಕೂಗುತ್ತಿದ್ದರು: "ಏನಪ್ಪಾ, ನೀರು ಬಂತಾ?"

ಈ ಬ್ಯಾಂಡಿನವರು ಒಂದು ಆಲ್ಬಂ ಮಾಡಲು ಹೊರಟರು. "ಸ್ಟುಡಿಯೋದಲ್ಲಿ ಸತ್ತಂಗಿರುತ್ತೆ ಅಂಕಲ್. ಬಯಲಲ್ಲಿ, ಜನರ ಮುಂದೆ ಹಾಡಿ ಅದನ್ನೇ ರೆಕಾರ್ಡ್ ಮಾಡ್ತೀವಿ. ನೀವೂ ಬನ್ನಿ," ಎಂದ ಗಿರಿರಾಜ್.

ಮೊದಲ ಕಾರ್ಯಕ್ರಮ ಚಂದ್ರಾ ಲೇಔಟಿನ ಮೈದಾನದಲ್ಲಿ. ಮೊದಲ ಹಾಡು ಮುಗಿದದ್ದು ಯಾರಿಗೂ ಗೊತ್ತಾಗಲಿಲ್ಲ, ಒಂದು ಚಪ್ಪಾಳೆಯಿಲ್ಲ. ಹುಡುಗರ ಮುಖ ನೋಡಿ ಪಾಪ ಎನಿಸಿ ಕೆಂಪಯ್ಯನವರು ಒಂದು ಸಿಳ್ಳೆ ಹಾಕಿದರು. ಮೈದಾನಕ್ಕೆ ಮೈದಾನವೇ ಎಚ್ಚರಗೊಂಡು ಚಪ್ಪಾಳೆ ತಟ್ಟಿತು. ರೆಕಾರ್ಡಿಂಗ್ ಕೇಳಿದಾಗ ಡ್ರಮ್ಸ್ ಬಾರಿಸುವ ಶಿವರಂಜನಿ ಹೇಳಿದಳು, "ಗುರು, ಕೆಂಗೇರಿ ಶೋಗೂ ಈ ಅಂಕಲ್ ಬೇಕೇ ಬೇಕು."

ಆದರೆ ಅಷ್ಟರಲ್ಲಿ ಮುನಿಲಕ್ಷ್ಮಮ್ಮನವರು, ತಮ್ಮನ ಮಗಳ ಮದುವೆ ಫೋಟೋದ ನೆಪ ಹೇಳಿ, ಗಂಡನಿಗೆ ಹಲ್ಲು ಕಟ್ಟಿಸಿಬಿಟ್ಟರು. ಕೆಂಪಯ್ಯನವರು ಊದಿ ನೋಡಿದರು. ಬರೀ ಗಾಳಿ. ಗಿರಿರಾಜ್ ತಲೆ ಮೇಲೆ ಕೈಹೊತ್ತ. "ಏನ್ ಅಂಕಲ್ ಇದು, ಬೋರ್‌ವೆಲ್ಲೇ ಮುಚ್ಬಿಟ್ರಲ್ಲ!"

"ನಾನೆಲ್ಲಿ ಮುಚ್ಚಿದ್ನಪ್ಪಾ, ನಿಮ್ಮ ಆಂಟಿ ಮುಚ್ಸಿದ್ದು. ಬಿಡು, ಇದು ತೆಗೆದು ಹಾಕೋ ಹಲ್ಲು."

ಕೆಂಗೇರಿಗೆ ಮುನಿಲಕ್ಷ್ಮಮ್ಮನವರೂ ಬಂದರು. ಅವರು ಚುರುಮುರಿ ತರಲು ಎದ್ದದ್ದೇ ತಡ, ಕೆಂಪಯ್ಯನವರು ಹಲ್ಲು ಕಳಚಿ ಕರ್ಚೀಫಿನಲ್ಲಿ ಸುತ್ತಿ ಜೇಬಿಗಿಟ್ಟರು. ಹಾಡು ಮುಗಿಯಿತು, ಸಿಳ್ಳೆ ಹಾರಿತು. ಈ ಸಲ ಜನರೂ ಸಿಳ್ಳೆಯಲ್ಲೇ ಉತ್ತರ ಕೊಟ್ಟರು. ಕೆಂಪಯ್ಯನವರಿಗೆ ಹಿಗ್ಗು ತಡೆಯಲಾಗಲಿಲ್ಲ. ಕರ್ಚೀಫ್ ಹಿರಿದು ತಲೆಯ ಮೇಲೆ ಗಿರಗಿರನೆ ತಿರುಗಿಸಿದರು.

ತಿರುಗಿಸಿದ ಮೇಲೆ ಹಲ್ಲಿನ ನೆನಪಾಯಿತು.

"ಹೆಂಗಿತ್ತು ಹಾಡು?" ಚುರುಮುರಿ ಹಿಡಿದು ಬಂದ ಹೆಂಡತಿ ಕೇಳಿದರು. ಕೆಂಪಯ್ಯನವರು ತುಟಿ ಬಿಗಿದುಕೊಂಡೇ ತಲೆಯಾಡಿಸಿದರು.

"ಎಲ್ಲಿ, ಬಾಯ್ ಬಿಡಿ."

ಬಿಟ್ಟರು. ಮುನಿಲಕ್ಷ್ಮಮ್ಮನವರು ಪೊಟ್ಟಣವನ್ನು ಅವರ ಕೈಗೆ ತುರುಕಿ, ನೇರ ವೇದಿಕೆ ಹತ್ತಿ ಗಿರಿರಾಜನ ಮೈಕ್ ಕಿತ್ತುಕೊಂಡರು. "ಎಲ್ರೂ ನಿಂತಲ್ಲೇ ನಿಂತ್ಕೊಳ್ಳಿ! ಯಾರೂ ಕಾಲು ಎತ್ಬೇಡಿ! ನಮ್ಮನೆಯವರ ಹಲ್ಲು ಬಿದ್ದೋಗಿದೆ!"

ಅಷ್ಟು ಜನ ಕಂಬದಂತೆ ನಿಂತರು. ಮೊಬೈಲ್ ಟಾರ್ಚುಗಳು ಹತ್ತಿಕೊಂಡವು. ಮುನಿಲಕ್ಷ್ಮಮ್ಮನವರ ಮಾತು ಮೈಕಿನಲ್ಲಿ ಇನ್ನೂ ನಡೆದಿರುವಾಗಲೇ ಶಿವರಂಜನಿ ಸುಮ್ಮನಿರಲಾಗದೆ ಮೆಲ್ಲಗೆ ಡ್ರಮ್ಸ್ ಬಾರಿಸತೊಡಗಿದಳು. ಕೊನೆಗೆ ಹಲ್ಲು ಸಿಕ್ಕಿದ್ದು ಮುಂದಿನ ಸಾಲಿನ ಹೆಂಗಸೊಬ್ಬರ ಮುಡಿಯಲ್ಲಿ, ಮಲ್ಲಿಗೆಯ ನಡುವೆ, ಮೊಗ್ಗಿನ ಹಾಗೆ. "ಸಿಕ್ತು!" ಎಂದಾಗ ಎದ್ದ ಕೂಗಿನಂಥದ್ದು ಬ್ಯಾಂಡಿನ ಯಾವ ಹಾಡಿಗೂ ಬಂದಿರಲಿಲ್ಲ.

ಆಲ್ಬಂ ಹೊರಬಂದಾಗ ಅದರಲ್ಲಿ 'ಯಾರೂ ಕಾಲು ಎತ್ಬೇಡಿ' ಎಂಬ ಹೆಸರಿನಲ್ಲಿ ಈ ಪ್ರಸಂಗವೂ ಇತ್ತು. ಜನ ಹಾಡುಗಳನ್ನು ಬಿಟ್ಟು ಅದನ್ನೇ ಕೇಳಿದರು. ಮುನಿಲಕ್ಷ್ಮಮ್ಮನವರು ಮೊದಲು ರೇಗಾಡಿದರು. ಆಮೇಲೆ ಲಗ್ಗೆರೆಯ ತಂಗಿ ಫೋನ್ ಮಾಡಿ ಹೊಗಳಿದ ಮೇಲೆ ತಾವೂ ಕೂತು ಕೇಳಿದರು. ಎರಡು ಸಲ. ನಂತರ ಶಿವರಂಜನಿಯನ್ನು ಕರೆಸಿ, "ಚೆನ್ನಾಗಿದೆ ಕಣಮ್ಮಾ. ಆದ್ರೆ ಇನ್ನೊಂದ್ಸಲ ನಾನು ಮಾತು ಮುಗಿಸೋವರೆಗೂ ಬಡೀಬೇಡ," ಎಂದರು.

ಕಳೆದ ಭಾನುವಾರ ನಂದಿನಿ ಲೇಔಟಿನ ಕಾಲೇಜು ಹುಡುಗರ ಗುಂಪೊಂದು ಮನೆ ಹುಡುಕಿಕೊಂಡು ಬಂತು. ಕೆಂಪಯ್ಯನವರು ಅಂಗಿ ಸರಿಮಾಡಿಕೊಂಡು ಗೇಟಿಗೆ ಬಂದರು.

"ಆಂಟಿ ಇದಾರಾ ಅಂಕಲ್?"

ಆಂಟಿ ಸೀರೆ ಬದಲಿಸಿ ಬಂದು ನಡುವೆ ನಿಂತರು. ಹುಡುಗರು ಫೋನನ್ನು ಕೆಂಪಯ್ಯನವರ ಕೈಗೆ ಕೊಟ್ಟರು. ಅವರು ಒಂದು ಕಣ್ಣು ಮುಚ್ಚಿ ಫೋಟೋಗೆ ಗುರಿ ಹಿಡಿದರು.

"ಬೆರಳು ಅಡ್ಡ ಬಂದಿದೆಯೇನೋ ನೋಡ್ಕೊಳ್ರೀ," ಎಂದರು ಮುನಿಲಕ್ಷ್ಮಮ್ಮ, ನಗುವನ್ನು ಹಾಗೇ ಹಿಡಿದುಕೊಂಡು.