ಇನ್ನೊಬ್ಬಳ ಆಷಾಢ

ನನ್ನ ಗಂಡನದು ಊರೂರು ತಿರುಗೋ ಕೆಲಸ. ಎಲ್ಲಿ ಹೊಸ ಗೋಡೌನ್ ಕಟ್ಟುತ್ತಾರೋ ಅಲ್ಲಿಗೆ ಹೋಗಿ ಕಬ್ಬಿಣದ ರ‍್ಯಾಕುಗಳನ್ನ ನಿಲ್ಲಿಸಿಕೊಡಬೇಕು, ಮುಗಿದ ಮೇಲೆ ಮುಂದಿನ ಊರು. ಬಳ್ಳಾರಿ ಆಯ್ತು, ಹುಬ್ಬಳ್ಳಿ ಆಯ್ತು, ಹಾಸನ ಆಯ್ತು. ನೆಲಮಂಗಲಕ್ಕೆ ಬಂದಾಗ ಮಾತ್ರ ಕಂಪನಿಯವರು, "ಇಲ್ಲಿ ಗೋಡೌನಿಗೇನು ಬರ, ನಾಲ್ಕೈದು ವರ್ಷ ಇಲ್ಲೇ ಇರು" ಅಂದರು. ನನಗೆ ಎಷ್ಟು ಖುಷಿಯಾಯ್ತು ಅಂದ್ರೆ, ಬಸ್ಸಿಳಿದ ದಿನವೇ ಕರಿಬೇವಿನ ಗಿಡ ಎಲ್ಲಿಡೋದು ಅಂತ ಯೋಚನೆ ಮಾಡ್ತಿದ್ದೆ.

ಬಾಡಿಗೆ ಮನೆಯೂ ಬೇಗ ಸಿಕ್ಕಿತು, ಬಸ್ ಸ್ಟ್ಯಾಂಡ್ ಹತ್ತಿರ, ಮಹಡಿ ಮೇಲೆ. ಮಾತೆಲ್ಲ ಮುಗಿದ ಮೇಲೆ ಓನರ್ ನಿಧಾನಕ್ಕೆ, "ಶ್ರಾವಣದಲ್ಲಿ ಬಂದು ಹಾಲುಕ್ಕಿಸಿ" ಅಂದರು. ಆಷಾಢ ಆಗತಾನೇ ಶುರುವಾಗಿತ್ತು.

"ನಾವು ಅದನ್ನೆಲ್ಲ ನೋಡಲ್ಲ ಸಾರ್" ಅಂದೆ.

"ನೀವು ನೋಡಲ್ಲಮ್ಮ, ಮನೆ ನಂದಲ್ವಾ, ನಾನು ನೋಡ್ತೀನಿ."

ನನಗೋ ಮೂಗಿನ ತುದಿಯಲ್ಲೇ ಕೋಪ. ಅಲ್ಲೇ ಜಗಳಕ್ಕೆ ನಿಲ್ತಿದ್ದೆ, ಇವನು ಕೈ ಹಿಡಿದು ಮೆಟ್ಟಿಲಿಳಿಸಿದ.

ಇವನ ಹಳೇ ಗೆಳೆಯನೊಬ್ಬ ಪಕ್ಕದ ಅರಿಶಿನಕುಂಟೆಯಲ್ಲಿ ತಾಯಿ ಜೊತೆ ಇದ್ದ. ಫೋನ್ ಮಾಡಿದ್ದೇ ತಡ, "ಲೇ, ನಾನಿನ್ನೂ ಬದುಕಿದೀನಿ ಕಣೋ, ಲಾಡ್ಜು ಗೀಡ್ಜು ಅಂದ್ರೆ ಒದೆ ಬೀಳುತ್ತೆ, ಬಾ ಸುಮ್ನೆ" ಅಂದ. ಹೀಗೆ ನಾವು ಎರಡು ಟ್ರಂಕು, ಒಂದು ಮಿಕ್ಸಿ ಹೊತ್ತುಕೊಂಡು ಆ ಮನೆ ಹೊಕ್ಕೆವು. ಒಂದು ಹಾಲು, ಒಂದು ಅಡುಗೆಮನೆ, ಒಂದೇ ಒಂದು ರೂಮು. ರೂಮು ನಮಗೆ ಬಿಟ್ಟು ಅಮ್ಮ ಮಗ ಹಾಲಲ್ಲಿ ಮಲಗಿದರು. ಬೇಡ ಬೇಡ ಅಂತ ಬಾಯಲ್ಲಿ ಅಂದೆವು, ಟ್ರಂಕು ಒಳಗಿಟ್ಟೆವು. ರೂಮಿನ ಕನ್ನಡಿ ತುಂಬ ಸ್ಟಿಕ್ಕರ್ ಬೊಟ್ಟು ಅಂಟಿಕೊಂಡಿದ್ದವು. ನಾನು ಮಹಾ ಶುಚಿ ನೋಡಿ, ಉಗುರಲ್ಲಿ ಕೆರೆದು ಕೆರೆದು ಎಲ್ಲ ತೆಗೆದು ಪೇಪರಲ್ಲಿ ಒರೆಸಿ ಫಳಫಳ ಅನ್ನಿಸಿದೆ.

ಆ ಅಮ್ಮನ ಬಗ್ಗೆ ಹೇಳಬೇಕು. ನಮ್ಮದು ಎರಡೂ ಮನೆಯವರು ಒಪ್ಪದ ಮದುವೆ. ಮೊದಲನೇ ಆಷಾಢದಲ್ಲಿ ಅತ್ತೆ ಸೊಸೆ ಒಂದೇ ಹೊಸ್ತಿಲು ದಾಟಬಾರದು, ಹೊಸ ಮದುವೆಯಾದ ಹುಡುಗಿ ತವರಿಗೆ ಹೋಗಿ ತಿಂಗಳಿದ್ದು ಬರಬೇಕು ಅನ್ನೋದು ನಮ್ಮ ಕಡೆ ಪದ್ಧತಿ. ನನ್ನನ್ನ ಕಳಿಸೋ ಅತ್ತೆಯೂ ಇರಲಿಲ್ಲ, ಕರೆಯೋ ತಾಯಿಯೂ ಇರಲಿಲ್ಲ. ಆ ಆಷಾಢ ಬಳ್ಳಾರಿ ಬಿಸಿಲಲ್ಲಿ ಕಳೆದಿದ್ದೆ. ಸೊಪ್ಪು ಬಿಡಿಸ್ತಾ ಇದನ್ನ ಅಮ್ಮನ ಹತ್ತಿರ ಹೇಳಿಬಿಟ್ಟೆ. ಅವರು ಕೈಯಲ್ಲಿದ್ದ ಸೊಪ್ಪು ಕೆಳಗಿಟ್ಟು, "ಅಯ್ಯೋ ನನ್ ಕಂದ! ಇದೇ ತವರು ಅಂದ್ಕೊಂಡು ಇರು ಕಣವ್ವ" ಅಂದರು.

ನಾನು ಹಾಗೇ ಅಂದ್ಕೊಂಡುಬಿಟ್ಟೆ. ಅವರು ತಲೆಗೆ ಎಣ್ಣೆ ತಿಕ್ಕಿದರೆ ಕಣ್ಮುಚ್ಚಿ ಕೂತೆ. ಬಸ್ಸಾರು ಮುದ್ದೆ ಬಡಿಸಿದರೆ ಇನ್ನರ್ಧ ಮುದ್ದೆ ಕೇಳಿ ಹಾಕಿಸ್ಕೊಂಡೆ. ಮಧ್ಯಾಹ್ನ ಮಲಗಿದರೆ ನನ್ನ ನಿದ್ದೆ ಕೆಡುತ್ತೆ ಅಂತ ಅವರು ಟೀವಿ ಸೌಂಡು ಕಮ್ಮಿ ಮಾಡ್ತಿದ್ದರು. ಆಗಾಗ ಫೋನ್ ಬಂದರೆ ಹಿತ್ತಿಲಿಗೆ ಹೋಗಿ ಮೆತ್ತಗೆ ಮಾತಾಡ್ತಿದ್ದರು. ಯಾರದಪ್ಪ ಅಂತ ಒಂದು ಸಲವಾದರೂ ನನಗೆ ಅನ್ನಿಸಬೇಕಿತ್ತು.

ಒಂದು ಬೆಳಿಗ್ಗೆ ಗಂಡಸರು ಕೆಲಸಕ್ಕೆ, ಅಮ್ಮ ರೇಷನ್ ತರೋಕೆ ಹೋಗಿದ್ದರು. ನಾನು ನೈಟಿಯಲ್ಲಿ, ಮಂಚದ ಮೇಲೆ ಕಾಲು ಚಾಚಿ ಫೋನ್ ನೋಡ್ತಿದ್ದೆ. ಬಾಗಿಲು ಸದ್ದಾಯ್ತು. ತೆಗೆದರೆ ಒಬ್ಬಳು ಹುಡುಗಿ, ಕೈತುಂಬ ಹಸಿರು ಬಳೆ, ಕತ್ತಲ್ಲಿ ಹೊಸಾ ತಾಳಿ, ಬಗಲಲ್ಲಿ ಒಂದು ಹಲಸಿನ ಹಣ್ಣು.

"ಯಾರು ಬೇಕಿತ್ತು?" ಅಂದೆ. ಬಾಗಿಲಿಗೆ ಅಡ್ಡ ನಿಂತೇ ಅಂದೆ.

"ಅಮ್ಮ ಇಲ್ವಾ?" ಅಂದಳು.

ಗೋಡೆ ಮೇಲೆ ಅವಳ ಮದುವೆ ಫೋಟೊ ದಿನಾ ನೋಡ್ತಿದ್ದೆ. ಆ ಮೇಕಪ್ಪಿನೊಳಗಿದ್ದವಳು ಇವಳೇ ಅಂತ ಹೊಳೆಯಲೇ ಇಲ್ಲ. ಗೆಳೆಯನ ತಂಗಿ. ಈ ಬೇಸಿಗೆಯಲ್ಲಿ ತೂಬಗೆರೆಗೆ ಮದುವೆ ಮಾಡಿಕೊಟ್ಟಿದ್ದರು. ಹಣ್ಣು ಗಂಡನ ಮನೆ ತೋಟದ್ದಂತೆ, ಅಮ್ಮನಿಗೆ ಅಂತ ಕಳಿಸಿದ್ದರಂತೆ. ತೂಬಗೆರೆಯಿಂದ ಬಂದ್ಯಾ ಅಂದೆ. "ಇಲ್ಲ ಅಕ್ಕ, ದೊಡ್ಡಬಳ್ಳಾಪುರದಿಂದ. ಆಷಾಢ ಅಲ್ವಾ, ಚಿಕ್ಕಮ್ಮನ ಮನೇಲಿದೀನಿ" ಅಂದಳು.

ಆಗ ನನ್ನ ಮಂಕು ಬುದ್ಧಿಗೆ ಬೆಳಕಾಯ್ತು. ಹೊಸ ಮದುವಣಗಿತ್ತಿ, ಮೊದಲನೇ ಆಷಾಢ, ತಾಯಿ ಮನೆ ಇಲ್ಲಿ ಗುಂಡುಕಲ್ಲಿನ ಹಾಗಿದೆ, ಇವಳು ಚಿಕ್ಕಮ್ಮನ ಮನೆಯಲ್ಲಿ. ಯಾಕೆ ಅಂತ ಕೇಳೋ ಅವಶ್ಯಕತೆಯೇ ಇರಲಿಲ್ಲ. ಅವಳ ಮಂಚದ ಮೇಲೆ ನನ್ನ ಬೆಡ್‌ಶೀಟು ಬಿದ್ದಿತ್ತು. ಥೂ, ಆ ನೈಟಿಯಲ್ಲಿ ನಿಂತಿದ್ದ ನನ್ನನ್ನ ಭೂಮಿ ನುಂಗಬಾರದಾ ಅನ್ನಿಸ್ತು.

ಅವಳು ಹಾಲಲ್ಲಿ ಕುರ್ಚಿ ತುದಿಯಲ್ಲಿ ಕೂತಳು. ನಾನು ಕಾಫಿ ಮಾಡಿಕೊಟ್ಟೆ. ಸ್ವಲ್ಪ ಹೊತ್ತಾದ ಮೇಲೆ, "ಅಕ್ಕ, ಸಜ್ಜೆ ಮೇಲೆ ನನ್ನದೊಂದು ಬ್ಯಾಗಿದೆ, ಒಂದ್ನಿಮಿಷ ರೂಮಿಗೆ ಹೋಗ್ಲಾ?" ಅಂತ ಕೇಳಿದಳು. ಅವಳ ರೂಮಿಗೆ ಹೋಗೋಕೆ ನನ್ನನ್ನ ಕೇಳಿದಳು! ಬಿಟ್ಟರೆ ಅತ್ತುಬಿಡ್ತಿದ್ದೆ. ಒಳಗೆ ಹೋದವಳು ಕನ್ನಡಿ ಮುಂದೆ ಒಂದು ಗಳಿಗೆ ನಿಂತಳು, ಆಮೇಲೆ ಬ್ಯಾಗು ಇಳಿಸ್ಕೊಂಡು ಬಂದಳು.

ಅಮ್ಮ ಬಂದರು. ಮಗಳನ್ನ ನೋಡಿದ್ದೇ ಚೀಲ ಅಲ್ಲೇ ಬಿಟ್ಟು ಅವಳ ಕೆನ್ನೆ ಸವರಿ, "ಸಣ್ಣ ಆಗಿದೀಯಲ್ಲೇ" ಅಂದರು. "ಚಿಕ್ಕಮ್ಮ ಚೆನ್ನಾಗಿ ನೋಡ್ಕೋತಾರಮ್ಮ" ಅಂದಳು ಅವಳು. ಊಟ ಮಾಡಿ ಮಧ್ಯಾಹ್ನದ ಬಸ್ಸಿಗೇ ಹೊರಟುಹೋದಳು.

ಇವನು ಬಂದ ತಕ್ಷಣ ಹಿತ್ತಿಲಿಗೆ ಎಳ್ಕೊಂಡು ಹೋದೆ. "ನಿನಗೆ ಗೊತ್ತಿತ್ತಾ?" ಗೊತ್ತಿತ್ತಂತೆ! ಹೊಸ ಮದುವಣಗಿತ್ತಿ ಹಾಲಲ್ಲಿ ಚಾಪೆ ಹಾಕ್ಕೊಂಡು ಮಲಗ್ತಾಳೆ, ಮನೇಲಿ ಬೇರೆ ಗಂಡಸಿದಾನೆ ಅಂತ ಬೀಗರ ಕಿವಿಗೆ ಬಿದ್ದರೆ ಚೆನ್ನಾಗಿರಲ್ಲ ಅಂತ ಅಮ್ಮ ಮಗನೇ ಅವಳನ್ನ ಚಿಕ್ಕಮ್ಮನ ಮನೆಗೆ ಕಳಿಸಿದ್ದರಂತೆ. "ಅವರೇ ಪರವಾಗಿಲ್ಲ ಅಂದ್ರು ಕಣೇ" ಅಂದ. ಪರವಾಗಿಲ್ಲ ಅಂದ್ರಂತೆ, ಇವನು ಕೇಳ್ಕೊಂಡು ಬಂದನಂತೆ! ಬಾಯಿಗೆ ಬಂದ ಹಾಗೆ ಬೈದೆ. ಬೈದಿದ್ದರಲ್ಲಿ ಅರ್ಧ ನನಗೇ ಬೈಕೊಂಡಿದ್ದು.

ಮಾರನೇ ಬೆಳಿಗ್ಗೆ ಟ್ರಂಕು ಕಟ್ಟಿದೆ. ಗೋಡೌನ್ ಹಿಂದೆ ವಾಚ್‌ಮನ್‌ಗೆ ಅಂತ ಕಟ್ಟಿದ್ದ ಶೀಟಿನ ರೂಮು ಖಾಲಿ ಇತ್ತು, ಅದೇ ಸಾಕು ಅಂದೆ. ಅಮ್ಮನಿಗೆ ಕಂಪನಿಯವರು ರೂಮು ಕೊಟ್ಟರು ಅಂತ ಸುಳ್ಳು ಹೇಳಿದೆ. ಅವರು ನನ್ನ ಮುಖವನ್ನೇ ನೋಡ್ತಿದ್ದರು. ತಡೆಯೋಕಾಗದೆ, "ಮಗಳನ್ನ ಕರೆಸ್ಕೊಳ್ಳಿ ಅಮ್ಮ" ಅಂದುಬಿಟ್ಟೆ. ಅವರು ಒಳಗೆ ಹೋಗಿ ಕುಂಕುಮದ ಬಟ್ಟಲು ತಂದರು. ಹಣೆಗೆ ಕುಂಕುಮ ಇಟ್ಟು, ಕೈಗೆ ಬ್ಲೌಸ್ ಪೀಸು ಕೊಟ್ಟು, ಗೇಟಿನ ತನಕ ಬಂದರು.

ಶೀಟಿನ ರೂಮು ಹಗಲಲ್ಲಿ ಕಾದ ಹೆಂಚು. ಲಾರಿಗಳ ಹಾರ್ನು ಬೇರೆ. ಆದರೂ ಮನಸ್ಸು ಹಗುರವಾಗಿತ್ತು, ಸರಿಯಾದ ಕೆಲಸ ಮಾಡಿದೆ ಅಂತ ಸ್ವಲ್ಪ ಜಂಬವೂ ಇತ್ತು. ಮಗಳು ಬಂದಿರ್ತಾಳೆ, ಇಬ್ಬರೂ ಮಂಚದ ಮೇಲೆ ಕೂತು ಹರಟ್ತಿರ್ತಾರೆ ಅಂದ್ಕೊಂಡು ಮೂರ್ನಾಲ್ಕು ದಿನ ಬಿಟ್ಟು ಫೋನ್ ಮಾಡಿದೆ.

"ಎಲ್ಲಿ ಬರ್ತಾಳಮ್ಮ" ಅಂದರು. "ಆಷಾಢಕ್ಕೆ ಅಂತ ನನ್ನ ತಂಗಿ ಮಡಿಲು ತುಂಬಿ ಕರ್ಕೊಂಡು ಹೋಗಿದಾಳೆ. ಮಧ್ಯದಲ್ಲಿ ಎಬ್ಬಿಸ್ಕೊಂಡು ಬಂದ್ರೆ ತಂಗಿಗೆ ಅವಮಾನ ಅಲ್ವಾ? ಅಮಾವಾಸ್ಯೆಗೆ ಅಳಿಯ ಅಲ್ಲಿಂದಲೇ ಕರ್ಕೊಂಡು ಹೋಗ್ತಾರೆ."

"ಮತ್ತೆ ನಾನು ಹೊರಟಾಗ ಯಾಕಮ್ಮ ಹೇಳಲಿಲ್ಲ?"

"ನೀನು ಟ್ರಂಕು ಕಟ್ಟಿ ಆಮೇಲೆ ತಾನೇ ನನ್ನ ಹತ್ರ ಬಂದಿದ್ದು" ಅಂದರು. ಕೋಪ ಇರಲಿಲ್ಲ ಅವರ ದನಿಯಲ್ಲಿ. ಆಮೇಲೆ, "ಅವಳಂತೂ ಇಲ್ಲ, ಈ ಆಷಾಢಕ್ಕೆ ಒಬ್ಬಳಾದ್ರೂ ಮಗಳು ಮನೇಲಿದಾಳೆ ಅಂದ್ಕೊಂಡಿದ್ದೆ ಕಣವ್ವ" ಅಂದರು.