ಎರಡನೆಯ ಸೀಸೆಯ ಇನಾಯತ್ ಉಲ್ಲಾ ಸಾಹೇಬರು

ರೋಗಿಯನ್ನು ಉಳಿಸಿದವರೆಂದು ವೈದ್ಯರನ್ನು ನೆನೆಯುವ ನಾವು, ಆ ವೈದ್ಯರಿಗೆ ರೋಗ ಯಾವುದೆಂದು ತೋರಿಸಿಕೊಟ್ಟವರನ್ನು ನೆನೆಯುವುದು ಕಡಿಮೆ. ಮೂವತ್ತು ವರ್ಷ ಸೂಕ್ಷ್ಮದರ್ಶಕದ ಮುಂದೆ ಬಗ್ಗಿ ಕುಳಿತು, ಈ ಸೀಮೆಯ ಸಾವಿರಾರು ಜನರ ಜ್ವರಕ್ಕೆ ಹೆಸರು ಹೇಳಿದ ಇನಾಯತ್ ಉಲ್ಲಾ ಸಾಹೇಬರು ಅಂಥವರಲ್ಲಿ ಹಿರಿಯರು. ಚಾಮರಾಜನಗರದ ನಮ್ಮ ಧರ್ಮಾಸ್ಪತ್ರೆಯ ಪ್ರಯೋಗಶಾಲೆಯಿಂದ ಅವರು ಈ ೧೯೫೯ರಲ್ಲಿ ನಿವೃತ್ತರಾಗುತ್ತಿದ್ದಾರೆ. ಅವರ ಕೈಕೆಳಗೆ ನಾಲ್ಕು ವರ್ಷ ಕಲಿತ ನಾನು ಈ ಬೀಳ್ಕೊಡುಗೆಯ ಸಂಪುಟಕ್ಕೆ ಬರೆಯುತ್ತಿರುವುದು ಗೌರವದಿಂದ, ಸ್ವಲ್ಪ ಅಳುಕಿನಿಂದಲೂ.

ಅವರದು ಗುಂಡ್ಲುಪೇಟೆಯಲ್ಲಿ ಬ್ರೆಡ್ ಸುಡುವ ಮನೆತನ. ಅಣ್ಣ ಬಷೀರ್ ಅಹಮದರು ಒಲೆಯ ಬಳಿ ಉಳಿದರೆ, ತಮ್ಮನಾದ ಸಾಹೇಬರು ಮಲೇರಿಯಾ ಕೆಲಸಕ್ಕೆ ಸೇರಿ, ಗಾಜಿನ ಪಟ್ಟಿಗಳ ಪೆಟ್ಟಿಗೆ ಹೊತ್ತು ಅಲ್ಲಿಯೇ ಆಚೆಯ ಮದ್ದೂರು ಕಾಡಿನಲ್ಲಿ ಕಾಡುಜನರ ಹಾಡಿಗಳಲ್ಲಿ ರಕ್ತದ ಹನಿ ಸಂಗ್ರಹಿಸುತ್ತ ನಡೆದರು. ಇಲ್ಲಿಗೆ ಬಂದದ್ದು ೧೯೫೦ರಲ್ಲಿ. ಐದು ವರ್ಷದ ಮೇಲೆ ನಾನು ಬಿ.ಎಸ್‌ಸಿ. ಮುಗಿಸಿ ಸೇರಿದಾಗ, ಹೆಣ್ಣುಮಗಳಿಗೆ ಈ ಕೆಲಸವೇಕೆಂದು ಕೇಳಿದವರೇ ಹೆಚ್ಚು. ಸಾಹೇಬರು ಏನೂ ಕೇಳದೆ, ಬಡಗಿಯನ್ನು ಕರೆಸಿ ನನ್ನ ಸ್ಟೂಲನ್ನು ಒಂದು ಗೇಣು ಎತ್ತರಿಸಿಕೊಟ್ಟರು.

೧೯೫೭ರಲ್ಲಿ ಫ್ಲೂ ಬಂದು ವಾರ್ಡುಗಳು ತುಂಬಿ ಹೋದವು. ಗುಂಡ್ಲುಪೇಟೆ ಕಡೆಯ ಕೂಲಿಕಾರ ಚೆಲುವಯ್ಯನವರು ಫ್ಲೂನಿಂದ ಸುಧಾರಿಸಿಕೊಳ್ಳುತ್ತಿದ್ದಂತೆಯೇ ಮತ್ತೆ ಜ್ವರ ಏರಿತು. ರೋಗಾಣುವಿದ್ದರೆ ಬೆಳೆದು ಕಾಣಲೆಂದು ಅವರ ರಕ್ತವನ್ನು ಸಾರಿನಲ್ಲಿ ಬೆರೆಸಿಟ್ಟ ಸೀಸೆ ಮಸುಕಾಯಿತು. ಒಂದು ಹನಿಯನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದೆ. ಬ್ರೆಡ್ಡಿನ ಹಿಟ್ಟು ಉಬ್ಬಿಸುವ ಯೀಸ್ಟಿನಂಥ ಮೊಗ್ಗೊಡೆದ ಕಣಗಳು. ಅಂಥವು ಗಾಳಿಯಿಂದ ಸೀಸೆಗೆ ಬೀಳುತ್ತವೆಂದು ಓದಿದ್ದೆ. ಅಂದು ಸಾಹೇಬರು ರಜೆಯಲ್ಲಿದ್ದರು. ರಿಜಿಸ್ಟರಿನಲ್ಲಿ ‘ಸೀಸೆ ಕೆಟ್ಟಿದೆ’ ಎಂದು ಬರೆದು ಚೆಲ್ಲಿಬಿಟ್ಟೆ. ನಾಲ್ಕನೆಯ ದಿನ ಚೆಲುವಯ್ಯನವರು ತೀರಿಕೊಂಡರು.

ಎರಡು ವಾರದ ಮೇಲೆ ಹರವೆಯ ಪುಟ್ಟಿ ಎಂಬ ಎಳೆಯ ಬಾಣಂತಿಯ ಸೀಸೆಯೂ ಹಾಗೆಯೇ ಮಸುಕಾಯಿತು. ಫ್ಲೂ ಅವಳ ಎದೆಗೆ ಇಳಿದಿತ್ತು. ಹತ್ತು ದಿನದಿಂದ ಕಾಲಿನ ನರಕ್ಕೆ ಕೂರಿಸಿದ ನಳಿಗೆಯಲ್ಲಿ ಸಲೈನೂ ಬಲವಾದ ಔಷಧವೂ ಹೋಗುತ್ತಿದ್ದವು. ನಾನು ಸೀಸೆಯನ್ನು ತೊಟ್ಟಿಯತ್ತ ಒಯ್ಯುವಾಗ ಸಾಹೇಬರು ಕೈ ಚಾಚಿ ಇಸಿದುಕೊಂಡರು. ಒಂದು ಹನಿಯನ್ನು ನೋಡಿ, ಈ ಯೀಸ್ಟ್ ಗಾಳಿಯಿಂದ ಬಿದ್ದದ್ದಲ್ಲ, ಅವಳ ರಕ್ತದಲ್ಲೇ ಇರಬಹುದೆಂದು ವಾರ್ಡಿನ ಡಾಕ್ಟರಿಗೆ ಹೇಳಿದರು.

ಡಾಕ್ಟರ್ ಶಿವರುದ್ರಸ್ವಾಮಿಯವರು ಒಪ್ಪಲಿಲ್ಲ. “ಅಣ್ಣನ ಅಂಗಡಿ ಹಿಟ್ಟನ್ನ ಕೈಗಂಟಿಸ್ಕೊಂಡು ಬಂದಿದೀರ, ಸಾಹೇಬ್ರೆ,” ಎಂದು ನಕ್ಕರು.

“ಇರಬಹುದು ಸಾರ್. ಅವಳ ಇನ್ನೊಂದು ಕೈಯಿಂದ ರಕ್ತ ತೆಗೆದು ಇನ್ನೊಂದು ಸೀಸೆ ಇಡ್ತೀನಿ. ಅದ್ರಲ್ಲೂ ಇದೇ ಬಂದ್ರೆ ತಪ್ಪು ಹಿಟ್ಟಿಂದಲ್ಲ.”

ಪುಟ್ಟಿಯ ಅತ್ತೆ ಶಾಂತಮಲ್ಲಮ್ಮನವರು ಮಂಚಕ್ಕೆ ಅಡ್ಡ ನಿಂತರು. “ಮೊನ್ನೆನೂ ಸೀಸೆಗೆ ಈರ್ಕೊಂಡ್ ಓದ್ರಿ. ಈ ಮಗೀನ್ ಮೈಲಿ ಇನ್ನೇನ್ ಉಳ್ದದೆ ಸಾಬ್ರೆ? ನನ್ ತಾವ ತಕ್ಕಳಿ, ಬೇಕಾದಷ್ಟದೆ.”

“ನಿಮ್ಮದು ಗಟ್ಟಿ ರಕ್ತ ತಾಯಿ, ನನ್ನ ಸೂಜಿ ಮುರಿದೀತು,” ಎಂದರು ಸಾಹೇಬರು. ಆಕೆ ನಗು ತಡೆಯಲಾರದೆ ಸೊಸೆಯ ಕೈಯನ್ನು ತಾವೇ ಹಿಡಿದುಕೊಟ್ಟರು.

ಎರಡು ದಿನ ಆ ಸೀಸೆ ತಿಳಿಯಾಗಿಯೇ ಇತ್ತು. ಗಂಟೆಗೊಮ್ಮೆ ಅದನ್ನು ಬೆಳಕಿಗೆ ಹಿಡಿಯುತ್ತಿದ್ದ ನಾನು, ಅದು ತಿಳಿಯಾಗಿಯೇ ಉಳಿಯಲೆಂದು ಬಯಸಿದ್ದೆ. ಉಳಿದರೆ ಚೆಲುವಯ್ಯನವರ ವಿಷಯದಲ್ಲಿ ನಾನು ತಪ್ಪಿಲ್ಲವೆಂದಾಗುತ್ತಿತ್ತು. ಅತ್ತ ಪುಟ್ಟಿ ಮಾತು ನಿಲ್ಲಿಸಿದ್ದಳು. ಮೂರನೆಯ ಬೆಳಗ್ಗೆ ಸೀಸೆ ಮಸುಕಾಯಿತು. ಅದೇ ಮೊಗ್ಗುಗಳು.

ಈ ಬಾರಿ ಡಾಕ್ಟರು ನಗಲಿಲ್ಲ. ಇದಕ್ಕೆ ಮದ್ದು ನಮ್ಮ ಊರಿನಲ್ಲಿರಲಿಲ್ಲ. ಯೀಸ್ಟ್ ಒಳಹೊಕ್ಕ ದಾರಿ ಅದೇ ಇರಬಹುದೆಂದು ಅವರು ಕಾಲಿನ ನಳಿಗೆಯನ್ನು ತೆಗೆಸಿದರು, ಬೇರೆ ರೋಗಾಣುಗಳನ್ನು ಕೊಂದು ಯೀಸ್ಟಿಗೆ ಜಾಗ ಮಾಡಿಕೊಡುತ್ತಿದ್ದ ಬಲವಾದ ಔಷಧವನ್ನು ನಿಲ್ಲಿಸಿದರು, ಭರವಸೆ ಮಾತ್ರ ಕೊಡಲಾರೆನೆಂದರು. ಐದನೆಯ ದಿನ ಜ್ವರ ಇಳಿಯಿತು. ಪುಟ್ಟಿ ಮಗುವನ್ನು ಕೇಳಿದಳು.

ಆ ಸಂಜೆ ನಾನು ಚೆಲುವಯ್ಯನವರ ಸೀಸೆಯ ವಿಷಯ ಹೇಳಿ ಅತ್ತುಬಿಟ್ಟೆ. ಸಾಹೇಬರಿಗೆ ರಿಜಿಸ್ಟರಿನಿಂದ ಆಗಲೇ ತಿಳಿದಿತ್ತು. “ಹೋದ ವರ್ಷ ಅಂಥದೇ ಒಂದು ನಾನೂ ಚೆಲ್ಲಿದೀನಿ ಕಣಮ್ಮ,” ಎಂದರು. “ಯಾರದು ಅಂತ ಇವತ್ತಿಗೂ ಮರೆತಿಲ್ಲ. ನೀನೂ ಮರೀಬೇಡ. ಆದ್ರೆ ನಾಳೆ ಕೆಲಸಕ್ಕೆ ಬಾ.” ಮರುದಿನ ತೊಟ್ಟಿಯ ಮೇಲಿನ ಗೋಡೆಗೆ ಅವರ ಅಕ್ಷರದ ಕಾಗದವೊಂದು ಅಂಟಿತ್ತು: ಎರಡನೆಯ ಸೀಸೆ ನೋಡದೆ ಮೊದಲನೆಯದನ್ನು ಚೆಲ್ಲಬಾರದು.

ಈ ಸಂಗತಿಯನ್ನು ಇಲ್ಲಿ ಬರೆಯಬೇಡವೆಂದು ಅವರು ಹೇಳಿದ್ದರು. ಅವರ ಮಾತನ್ನು ನಾನು ಮೀರಿದ್ದು ಇದೊಂದೇ ಬಾರಿ. ಕಳೆದ ವಾರ ಹಳೆಯ ರಿಜಿಸ್ಟರು ತೆರೆದು, ಚೆಲುವಯ್ಯನವರ ಹೆಸರಿನ ಮುಂದಿದ್ದ ‘ಸೀಸೆ ಕೆಟ್ಟಿದೆ’ ಎಂಬುದನ್ನು ಹೊಡೆದು, ‘ಯೀಸ್ಟ್ ಕಂಡಿತು, ಎರಡನೆಯ ಪರೀಕ್ಷೆ ಮಾಡಲಿಲ್ಲ’ ಎಂದು ಬರೆದು ಸಹಿ ಹಾಕಿದೆ. ತಿದ್ದುಪಡಿಗೆ ಮೇಲಿನವರ ಸಹಿ ಬೇಕು. ಸಾಹೇಬರು ಕನ್ನಡಕ ಒರೆಸಿಕೊಂಡು ಎರಡು ಸಲ ಓದಿದರು.

ಗುಂಡ್ಲುಪೇಟೆಯ ಅಣ್ಣನ ಮನೆಯಲ್ಲಿ ಅವರಿಗೆ ದೀರ್ಘಾಯುಷ್ಯವೂ ಆರೋಗ್ಯವೂ ಇರಲಿ. ಸೂಕ್ಷ್ಮದರ್ಶಕಕ್ಕೆ ಬಗ್ಗಿದ ಆ ಬೆನ್ನಿಗೆ ಬಿಡುವು ದೊರೆಯಲಿ. ಆದರೆ ನನಗೆ ಅನುಮಾನ ಬಂದ ದಿನ ಬಸ್ಸಿನಲ್ಲಿ ಹೇಳಿಕಳುಹಿಸುತ್ತೇನೆ, ಅವರು ಬರಲೇಬೇಕು. ಅವರ ಸೇವೆಯ ಕಡೆಯ ಸಹಿ ಚೆಲುವಯ್ಯನವರ ಹೆಸರಿನ ಮುಂದೆ, ನನ್ನ ಸಹಿಯ ಕೆಳಗೆ ಇದೆ.