ಕೆಂಪು ದಾರದ ಇಕ್ಬಾಲಣ್ಣ

ಇಕ್ಬಾಲಣ್ಣ ಕಂಪ್ಯೂಟರಿನ ಮುಖವನ್ನು ಮೊದಲು ನೋಡಿದವನೇ ಅಲ್ಲ. ಬಂದವನೇ ಅದರ ಬೆನ್ನು ತಿರುಗಿಸಿ, ವೈರುಗಳನ್ನು ಒಂದೊಂದಾಗಿ ಮುಟ್ಟಿ, ಜೇಬಿನಿಂದ ಕೆಂಪು ದಾರದ ಉಂಡೆ ತೆಗೆಯುತ್ತಿದ್ದ. ಅವನಪ್ಪ ಶ್ರೀರಂಗಪಟ್ಟಣದಲ್ಲಿ ಟೈಲರ್. ದಾರ ಅಲ್ಲಿಂದ ಬಂದದ್ದು. ಕಂಪ್ಯೂಟರ್ ವಿದ್ಯೆ ಎಲ್ಲಿಂದ ಬಂತೋ ದೇವರಿಗೇ ಗೊತ್ತು. ಡಿಪ್ಲೊಮಾ ಮಾಡಿ ಕೆ.ಆರ್. ಪೇಟೆಯಲ್ಲಿ ರಿಪೇರಿ ಅಂಗಡಿ ಇಟ್ಟವನು ನಾನು. ಆದರೂ ಶೀಳನೆರೆ ಕಡೆಯ ನಮ್ಮೂರ ಹಾಲಿನ ಡೇರಿಯಲ್ಲಿ ಏನೇ ಕೆಟ್ಟರೂ ಸೆಕ್ರೆಟರಿ ಜಯಕ್ಕ ಫೋನ್ ಮಾಡುತ್ತಿದ್ದದ್ದು, ಪಾಂಡವಪುರ ದಾಟಿ ಮೊಪೆಡ್ಡಿನಲ್ಲಿ ಬರಬೇಕಾದ ಅವನಿಗೇ. ಹೊಟ್ಟೆ ಉರಿಯದೆ ಇರುತ್ತದೆಯೇ? ಒಂದು ಸಲವಾದರೂ ಆ ಫೋನು ನನಗೆ ಬರಬೇಕು ಅನ್ನುವುದೊಂದೇ ನನ್ನ ಹಟವಾಗಿತ್ತು.

ಅದಕ್ಕೇ ಒಂದು ದಿನ ಕರೆಯದಿದ್ದರೂ ಹೋಗಿ, ಲಿನಕ್ಸ್ ಅನ್ನುವ ತಂತ್ರಾಂಶದಲ್ಲಿ ನಡೆಯುವ ಡೇರಿಯ ಹಳೇ ಕಂಪ್ಯೂಟರಿಗೆ ಡೆಸ್ಕ್‌ಟಾಪ್ ಎಫೆಕ್ಟುಗಳನ್ನೆಲ್ಲ ಹಾಕಿಕೊಟ್ಟೆ. ಮೌಸಿನಲ್ಲಿ ಎಳೆದರೆ ಪರದೆಯ ಮೇಲಿನ ಕಿಟಕಿಗಳು ತೊನೆಯುತ್ತಿದ್ದವು, ಪರದೆ ಡಬ್ಬಿಯಂತೆ ತಿರುಗುತ್ತಿತ್ತು. ಜಯಕ್ಕ ಬಾಯಿ ಬಿಟ್ಟುಕೊಂಡು ನೋಡಿದರು. ಮಾರನೆಯ ಬೆಳಿಗ್ಗೆ ಪರದೆ ಕಪ್ಪಗೆ ನಿಂತುಬಿಟ್ಟಿತು. ಇಕ್ಬಾಲಣ್ಣ ಬಂದು, ಬರೀ ಅಕ್ಷರಗಳ ಪರದೆಯಿಂದ ಒಳಹೊಕ್ಕು ಆ ಎಫೆಕ್ಟುಗಳನ್ನೆಲ್ಲ ಆಫ್ ಮಾಡಿದ.

"ಅರೆ ಲೋಕೇಸಾ, ಕಿಟ್ಕಿ ಕುಣುದ್ರೆ ಎಮ್ಮೆ ಒಂದ್ಲೀಟ್ರು ಜಾಸ್ತಿ ಕೊಡ್ತದೇನ್ಲಾ?"

ಕ್ಯಾನು ಹಿಡಿದು ನಿಂತಿದ್ದ ಸಾಲೆಲ್ಲ ನಕ್ಕಿತು. ನಾನೂ ಹಲ್ಲು ಕಿರಿದೆ.

ಅಲ್ಲಿ ಇನ್ನೊಂದು ಪೀಡೆಯಿತ್ತು. ತಕ್ಕಡಿಗೂ ಹಾಲಿನ ಫ್ಯಾಟು, ಅಂದರೆ ಜಿಡ್ಡು, ನೋಡುವ ಮಿಷನ್ನಿಗೂ ಕಂಪ್ಯೂಟರಿಗೆ ಚುಚ್ಚುವ ಒಂದೇ ಥರದ ವೈರು. ಯಾವುದು ಮೊದಲು ಕಣ್ಣಿಗೆ ಬಿತ್ತೋ ಅದಕ್ಕೆ ಮೊದಲ ನಂಬರು ಕೊಡುವುದು ಲಿನಕ್ಸಿನ ಅಭ್ಯಾಸ. ಹಾಗಾಗಿ ಕರೆಂಟು ಹೋಗಿ ಬಂದರೆ ಕೆಲವು ಸಲ ಹಾಲಿನ ತೂಕ ಹೋಗಿ ಫ್ಯಾಟಿನ ಜಾಗದಲ್ಲಿ ಕೂರುತ್ತಿತ್ತು. ನನ್ನನ್ನು ಕೇಳಿದ್ದರೆ ವೈರು ಕಿತ್ತು ಮತ್ತೆ ಚುಚ್ಚಿ ಅನ್ನುತ್ತಿದ್ದೆ, ಅಷ್ಟೇ. ಇಕ್ಬಾಲಣ್ಣ ಕಂಪ್ಯೂಟರಿನೊಳಗೆ ಎರಡು ಸಾಲಿನ ನಿಯಮ ಬರೆದ: ಬೆನ್ನಿನ ಈ ತೂತಿಗೆ ಬಂದದ್ದು ತಕ್ಕಡಿ, ಆ ತೂತಿಗೆ ಬಂದದ್ದು ಮಿಷನ್ನು. ತಕ್ಕಡಿಯ ತೂತಿನ ಪಕ್ಕ ಕೆಂಪು ಚುಕ್ಕಿಯಿಟ್ಟು, ಅದರ ವೈರಿಗೆ ಕೆಂಪು ದಾರ ಕಟ್ಟಿದ.

"ಸಾಲಲ್ಲಿ ಮೊದ್ಲು ನಿಂತೋನ್ನ ಒಂದ್ನೇಯೋನು ಅಂತ ಕರುದ್ರೆ, ನಾಳೆ ಅವ್ನು ತಡವಾಗಿ ಬಂದಾಗ ಏನಂತೀಯ? ಯೆಸ್ರು ಇಡ್ಬೇಕು ಕಣ್ಲಾ."

ಇಷ್ಟು ಸುಲಭದ ಮಾತು ನನಗೆ ಯಾಕೆ ಹೊಳೆಯಲಿಲ್ಲ? ಆ ಉರಿಯಲ್ಲೇ ಒಂದು ಸಂಜೆ, ಜಯಕ್ಕ ಟೀ ಕುಡಿಯಲು ಹೋದಾಗ, ಎರಡೂ ವೈರು ಅದಲು ಬದಲು ಮಾಡಿದೆ. ದಾರವನ್ನೂ ಬಿಚ್ಚಿ ಇನ್ನೊಂದಕ್ಕೆ ಕಟ್ಟಿದೆ. ಈಗಲಾದರೂ ನನ್ನನ್ನು ಕರೆಯುತ್ತಾರೆ ಅಂದುಕೊಂಡಿದ್ದೆ. ಬೆಳಿಗ್ಗೆ ಬಂದವನು ಇಕ್ಬಾಲಣ್ಣನೇ. ದಾರದ ಗಂಟನ್ನು ಬೆರಳಲ್ಲಿ ಸವರಿದ, ಬಾಗಿಲಲ್ಲಿ ನಿಂತಿದ್ದ ನನ್ನನ್ನೊಮ್ಮೆ ನೋಡಿದ.

"ಇಲಿ ಎಳ್ದಾಕ್ಬುಟ್ಟದೆ ಜಯಕ್ಕ" ಅಂದು, ವೈರುಗಳನ್ನು ಸರಿಮಾಡಿ ದಾರಕ್ಕೆ ತನ್ನ ಗಂಟು ಹಾಕಿದ.

ಆಮೇಲೆ ನನ್ನನ್ನು ಹೊರಗೆ ಕರೆದ. "ದನ ಕಟ್ಟೋ ಗಂಟು ಅದು, ನಂದಲ್ಲ. ನನ್ ಮ್ಯಾಲೆ ಉರಿ ಇದ್ರೆ ನನ್ನೇ ಬೈಯ್ಲಾ. ಆಲು ತಂದೋರ್ನ ಯಾಕ್ ಕಾಯಿಸ್ತೀಯ?" ಎಂದು, ಒಳಗೆ ಕೂರಿಸಿ ಆ ನಿಯಮ ಬರೆಯುವುದನ್ನು ಸಾಲು ಸಾಲಾಗಿ ಕಲಿಸಿದ. ನಾಲ್ಕು ಜನರೆದುರು ಬೈದಿದ್ದರೆ ನನಗೆ ನೆಮ್ಮದಿಯಾಗುತ್ತಿತ್ತು. ಆ ದೊಡ್ಡತನ ನೋಡಿ ಹೊಟ್ಟೆ ಇನ್ನಷ್ಟು ಉರಿಯಿತು.

ಹೋದ ವರ್ಷ ಇಕ್ಬಾಲಣ್ಣ ತೀರಿಕೊಂಡ. ಮಣ್ಣಿಗೆ ಹೋಗಿ ಅತ್ತೆ; ಅಳು ಸುಳ್ಳಲ್ಲ. ಇನ್ನು ಫೋನು ನನಗೇ ಬರುತ್ತದೆ ಎಂದು ವಾಪಸು ಬರುವಾಗ ಬಸ್ಸಿನಲ್ಲಿ ಅನ್ನಿಸಿದ್ದೂ ಸುಳ್ಳಲ್ಲ.

ತಿಂಗಳುಗಳು ಕಳೆದರೂ ಬರಲಿಲ್ಲ. ತಡೆಯಲಾಗದೆ ನಾನೇ ಒಂದು ಬೆಳಿಗ್ಗೆ ಡೇರಿಗೆ ಹೋದೆ. ನಾನು ನಿಂತಿದ್ದಂತೆಯೇ ಕರೆಂಟು ಹೋಗಿ ಬಂತು. ಕಂಪ್ಯೂಟರ್ ಎದ್ದಿತು. ತೂಕ ತೂಕದ ಜಾಗದಲ್ಲಿ, ಫ್ಯಾಟು ಫ್ಯಾಟಿನ ಜಾಗದಲ್ಲಿ ಬಂದು ಕೂತವು. ಬಗ್ಗಿ ಬೆನ್ನು ನೋಡಿದೆ. ದಾರ ಬಣ್ಣ ಕಳೆದುಕೊಂಡಿತ್ತು, ಅವನ ಗಂಟು ಸಡಿಲವಾಗಿರಲಿಲ್ಲ.

"ಏನಪ್ಪಾ ಲೋಕೇಸಾ, ಏನಾರ ಕೆಲ್ಸ ಇತ್ತಾ?" ಅಂದರು ಜಯಕ್ಕ.

"ಇಲ್ಲ ಕಣಕ್ಕಾ, ಸುಮ್ನೆ ಬಂದೆ" ಅಂದೆ.